ಯಾಪು ಹೊಳೆಯಲ್ಲಿ ಸತ್ತ ನನ್ನ ಭಾವ ಯಾವ ದೇಶದವನು?

ಮಾನ್ಯ ಗಡಿ ಆಡಳಿತಾಧಿಕಾರಿಗಳೇ,

ನನ್ನ ಭಾವ ಕಾಸ್ಪರ್ ಯೆನು ಹೊರದೇಶದಲ್ಲಿ ತೀರಿಕೊಂಡನೆಂದು, ಆದ್ದರಿಂದ ಆ ಸಾವಿಗೂ ನಿಮಗೂ ಸಂಬಂಧವಿಲ್ಲವೆಂದು ನಿಮ್ಮ ಕಚೇರಿ ಉತ್ತರ ಕೊಟ್ಟಿದೆ. ಅವನು ಸತ್ತಾಗ ಅವನ ತಲೆ ನನ್ನ ತೊಡೆಯ ಮೇಲಿತ್ತು. ನಮ್ಮ ದೋಣಿ ಬೇತಿ ಊರಿನ ದೋಣಿಕಟ್ಟೆಗೆ ತಾಗಿ ನಿಂತಿತ್ತು. ಕಟ್ಟೆಯ ಮೇಲೆ ಪಾಪುವಾ ನ್ಯೂಗಿನಿಯ ಬಾವುಟ ಹಾರುತ್ತಿತ್ತು. ಆಸ್ಪತ್ರೆಯ ತಗಡಿನ ಮಾಡು ಬಿಸಿಲಿಗೆ ಹೊಳೆದು ಕಣ್ಣಿಗೆ ಹೊಡೆಯುವಷ್ಟು ಹತ್ತಿರದಲ್ಲಿತ್ತು. ದೋಣಿಗೂ ದಡಕ್ಕೂ ನಡುವೆ ಇದ್ದದ್ದು ನಿಮ್ಮ ಕಚೇರಿ ಕಟ್ಟಿಸಿದ ಒಂದು ಹಗ್ಗ ಮಾತ್ರ. ಅದು ಹೊರದೇಶವಾದರೆ ಆ ದೇಶದ ಹೆಸರೇನು? ಅದರ ರಾಜಧಾನಿ ಯಾವುದು? ಅಲ್ಲಿ ಯಾವ ನಾಣ್ಯ ನಡೆಯುತ್ತದೆ? ನಾನು ವೊರೊ ಊರಿನ ಶಾಲೆಯಲ್ಲಿ ಭೂಗೋಳ ಕಲಿಸುವವಳು. ಮಕ್ಕಳು ಕೇಳಿದರೆ ಹೇಳಬೇಕಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ಭೂಗೋಳದ ಮಾತನ್ನು ಮೊದಲು ಎತ್ತಿದವರು ನೀವು. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ. ಯಾಪು ದೊಡ್ಡ ಹೊಳೆಯೇನಲ್ಲ. ಮಳೆ ಕಡಿಮೆಯಾದ ತಿಂಗಳುಗಳಲ್ಲಿ ನಮ್ಮ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಡೆದು ದಾಟುತ್ತಾರೆ. ಅದು ಹುಟ್ಟುವುದು ವೊರೊದ ಹಿಂದಿನ ಸುಣ್ಣಕಲ್ಲಿನ ಗುಡ್ಡದಲ್ಲಿ, ನಮ್ಮ ದೇಶದಲ್ಲಿ. ಸಮುದ್ರ ಸೇರುವುದು ಬೇತಿಯ ಕೆಳಗೆ, ಅದೂ ನಮ್ಮ ದೇಶದಲ್ಲಿಯೇ. ನಡುವೆ ಒಂದು ಕಡೆ ಮಾತ್ರ ನಾಂಗು ಬೆಟ್ಟದ ಬಂಡೆ ಅಡ್ಡ ಬರುತ್ತದೆ. ಬಂಡೆಯನ್ನು ಕೊರೆಯಲಾಗದೆ ಹೊಳೆ ಪಡುವಣಕ್ಕೆ ತಿರುಗಿ, ಬೆಟ್ಟವನ್ನು ಬಳಸಿ ಮತ್ತೆ ಮೂಡಣಕ್ಕೆ ಬರುತ್ತದೆ. ಆ ಬಳಸಿನ ಭಾಗ ಇಂಡೋನೇಷ್ಯಾಕ್ಕೆ ಸೇರಿದ್ದು. ಮೋಟಾರು ದೋಣಿಯಲ್ಲಿ ಕೂತು ಒಂದು ಬಾಯಿ ಅಡಿಕೆ ಜಗಿದು ಉಗಿಯುವಷ್ಟರಲ್ಲಿ ನಮ್ಮ ವಿದೇಶ ಪ್ರವಾಸ ಮುಗಿದಿರುತ್ತದೆ.

ಹೊಳೆ ನಮ್ಮನ್ನು ಕೇಳಿ ತಿರುಗಲಿಲ್ಲ. ಗಡಿ ಗೆರೆ ಎಳೆದವರೂ ನಮ್ಮನ್ನು ಕೇಳಲಿಲ್ಲ. ನಮ್ಮ ಅಜ್ಜಂದಿರು ಹುಟ್ಟುವ ಮೊದಲೇ, ಈ ಕಾಡಿನ ಸೊಳ್ಳೆಯಿಂದ ಒಮ್ಮೆಯೂ ಕಚ್ಚಿಸಿಕೊಳ್ಳದ ಮಹನೀಯರು ಎಲ್ಲೋ ತಂಪಾದ ಊರಿನ ಮೇಜಿನ ಮೇಲೆ ಅಳತೆಪಟ್ಟಿ ಇಟ್ಟು ನೆಟ್ಟಗೆ ಒಂದು ಗೆರೆ ಎಳೆದರು. ಅವರನ್ನು ಬಯ್ದು ಪ್ರಯೋಜನವಿಲ್ಲ, ಅವರೆಲ್ಲ ಮಣ್ಣಾಗಿ ಎಷ್ಟೋ ಕಾಲವಾಯಿತು. ಆದರೆ ನೀವು ಬದುಕಿದ್ದೀರಿ. ನಿಮ್ಮ ಕಚೇರಿಯ ಗೋಡೆಯ ಮೇಲಿನ ನಕ್ಷೆಯನ್ನು ನಾನು ನೋಡಿದ್ದೇನೆ. ಅದರಲ್ಲಿ ನಮ್ಮ ಹೊಳೆ ಗೆರೆಯ ತನಕ ಹೋಗಿ ಫಕ್ಕನೆ ನಿಂತುಬಿಡುತ್ತದೆ. ಗೆರೆಯಾಚೆ ಬರೀ ಬಿಳಿ. ಸ್ವಲ್ಪ ಕೆಳಗೆ, ಗೆರೆಯೊಳಗಿಂದಲೇ ಬೇರೊಂದು ಹೊಳೆ ಹುಟ್ಟಿ ಬರುತ್ತದೆ, ಅದರ ಹೆಸರು ‘ಬೇತಿ ಹೊಳೆ’ ಎಂದು ಬರೆದಿದೆ. ಒಂದೇ ನೀರಿಗೆ ಎರಡು ಹೆಸರು, ನಡುವೆ ಸುಣ್ಣ ಬಳಿದ ಗೋಡೆ! ಆ ಬಿಳಿಯೊಳಗೆ ಸುಮೆ ಎಂಬ ಊರಿದೆ. ನನ್ನ ತಾಯಿ ಹುಟ್ಟಿದ ಊರು ಅದು. ನನ್ನ ಸೋದರಮಾವ ಮಾರ್ತೆನ್ ಈಗಲೂ ಅಲ್ಲೇ ಇದ್ದಾನೆ, ಹಂದಿ ಸಾಕುತ್ತಾನೆ, ಕೆಮ್ಮುತ್ತಾನೆ, ಸಂಜೆ ಹೊಳೆದಂಡೆಗೆ ಬಂದು ಹೋಗುವ ಬರುವ ದೋಣಿಗಳನ್ನೆಲ್ಲ ಮಾತಾಡಿಸುತ್ತಾನೆ. ನಿಮ್ಮ ನಕ್ಷೆಗೆ ಮಾತ್ರ ಅವನು ಕಾಣುವುದಿಲ್ಲ.

ಇಷ್ಟು ವರ್ಷ ಈ ಬಳಸನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಚೆಯ ಸೈನಿಕರು ಕೈಯೆತ್ತುತ್ತಿದ್ದರು, ನಾವೂ ಎತ್ತುತ್ತಿದ್ದೆವು. ಕಳೆದ ಮಳೆಗಾಲ ಮುಗಿದ ಮೇಲೆ ನೀವು ಬಂದಿರಿ. ಬಂದ ಹೊಸದರಲ್ಲೇ ಬೇತಿಯ ಕಟ್ಟೆಗೆ ಹಗ್ಗ ಕಟ್ಟಿಸಿ, ‘ಗೆರೆಯಾಚೆಯಿಂದ ನೀರಿನ ಮೂಲಕ ಬರುವವರೆಲ್ಲರೂ ಹೊರದೇಶದಿಂದ ಬಂದವರು; ಅಧಿಕಾರಿಯ ಅನುಮತಿಯಿಲ್ಲದೆ ಇಳಿಯಕೂಡದು’ ಎಂದು ಹಲಗೆ ನೆಡಿಸಿದಿರಿ. ಆಮೇಲೆ ಬೇತಿಯ ಇಗರ್ಜಿಯ ಅಂಗಳದಲ್ಲಿ ನಮ್ಮನ್ನೆಲ್ಲ ಸೇರಿಸಿ ಸಭೆ ಮಾಡಿದಿರಿ. ಆ ಸಭೆ ನಿಮಗೆ ನೆನಪಿರಬೇಕು, ಏಕೆಂದರೆ ಅಂದು ಜನ ನಕ್ಕಿದ್ದರು, ನಿಮಗೆ ಸಿಟ್ಟು ಬಂದಿತ್ತು.

ನಕ್ಕದ್ದು ಕಾಸ್ಪರನ ಮಾತಿಗೆ. ಹಿಂದಿನ ಸಾಲಿನಿಂದ ಎದ್ದು ನಿಂತ ಆ ದೊಡ್ಡ ಹೊಟ್ಟೆಯ ಮನುಷ್ಯನೇ ನನ್ನ ಭಾವ. “ಸಾರ್, ವೊರೊದಿಂದ ನಮ್ಮ ಹಂದಿ ತಪ್ಪಿಸ್ಕೊಂಡು ಹೊಳೆಗೆ ಬಿದ್ದು ತೇಲ್ಕೊಂಡು ಬೇತಿಗೆ ಬಂದ್ರೆ ಅದು ನಮ್ ಹಂದಿನಾ, ವಿದೇಶಿ ಹಂದಿನಾ?” ಎಂದು ಕೇಳಿದ.

ನೀವು ಹುಬ್ಬು ಗಂಟುಹಾಕಿ, “ತಮಾಷೆ ಬೇಡ. ನೀರಿನ ದಾರಿ ಕಷ್ಟ ಅಂದ್ರೆ ಗಡಿಯೊಳಗೇ ಬೆಟ್ಟದ ದಾರಿ ಇದೆಯಲ್ಲ, ಅದರಲ್ಲಿ ಬನ್ನಿ” ಎಂದಿರಿ.

“ಬರ್ತೀವಿ ಸಾರ್. ನೀವೂ ಒಂದ್ಸಲ ಬನ್ನಿ. ನಿಮ್ ಹೊಟ್ಟೆ, ನನ್ ಹೊಟ್ಟೆ, ಎರಡೂ ಕರಗುತ್ತೆ.”

ಬೆಟ್ಟದ ದಾರಿಯೆಂದರೆ ಬೆಳಕು ಹರಿಯುವಾಗ ಹೊರಟವನು ಕತ್ತಲಾಗುವ ಹೊತ್ತಿಗೆ ಮೊಣಕಾಲು ಕೈಯಲ್ಲಿ ಹಿಡಿದು ಇಳಿಯುವ ದಾರಿ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನಿಮ್ಮೊಬ್ಬರಿಗೆ ಬಿಟ್ಟು. ಅಂದು ನಾನೂ ಕೈಯೆತ್ತಿ, ಕಾಯಿಲೆಯಾದವರ ದೋಣಿಗಾದರೂ ಹಗ್ಗ ಎತ್ತುತ್ತೀರಾ ಎಂದು ಕೇಳಿದ್ದೆ. “ಆಗ ನೋಡೋಣ” ಎಂದಿದ್ದಿರಿ.

ಕಾಸ್ಪರ್ ಯಾರೆಂದು ನಿಮಗೆ ತಿಳಿದಿರಲಾರದು. ನನ್ನ ಅಕ್ಕ ಪೆಲಾಗಿಯಾಳ ಗಂಡ. ವೊರೊದಲ್ಲಿ ಮೋಟಾರು ಕಟ್ಟಿದ ದೋಣಿ ಇದ್ದದ್ದು ಅವನೊಬ್ಬನಿಗೆ. ಬಸುರಿಯರನ್ನು, ಮರದಿಂದ ಬಿದ್ದವರನ್ನು, ಮಲೇರಿಯಾದಲ್ಲಿ ನಡುಗುವ ಕೂಸುಗಳನ್ನು ಬೇತಿಯ ಆಸ್ಪತ್ರೆಗೆ ಮುಟ್ಟಿಸುತ್ತಿದ್ದವನು ಅವನೇ. ನನ್ನ ಶಾಲೆಯ ಸೀಮೆಸುಣ್ಣದ ಪೆಟ್ಟಿಗೆಯಿಂದ ಹಿಡಿದು ಪಾದ್ರಿಗಳ ಹೊಸ ಗಂಟೆಯ ತನಕ ಎಲ್ಲವೂ ಅವನ ದೋಣಿಯಲ್ಲಿಯೇ ಬಂದದ್ದು. ಗಂಟೆ ತಂದ ದಿನ ದಾರಿಯುದ್ದಕ್ಕೂ ಬಾರಿಸಿಕೊಂಡು ಬಂದು ಪಾದ್ರಿಗಳಿಂದ ಬೈಸಿಕೊಂಡಿದ್ದ. ಬಾಯಿ ಸುಮ್ಮನಿರುತ್ತಿರಲಿಲ್ಲ. ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, ‘ಟೀಚರಮ್ಮ’ ಎಂದೇ ಕರೆಯುತ್ತಿದ್ದ, ಅದೂ ಮೂಗಿನಲ್ಲಿ.

ಅವನಿಗೆ ಹಾವು ಕಚ್ಚಿದ್ದು ಬೆಳಿಗ್ಗೆ, ತಿರುಳಿನ ಹಿಟ್ಟಿಗಾಗಿ ಸಾಗೋ ಮರ ಕಡಿಯಲು ಜೌಗಿಗೆ ಹೋದಾಗ. ಎಲೆಗಳ ನಡುವೆ ಎಲೆಯಂತೆಯೇ ಬಿದ್ದುಕೊಂಡಿರುವ ಆ ಗಿಡ್ಡ ದಪ್ಪ ಹಾವಿನ ಹೆಸರನ್ನು ನಮ್ಮಲ್ಲಿ ಕಾಡಿನೊಳಗೆ ಎತ್ತುವುದಿಲ್ಲ. ಮನೆಗೆ ಕುಂಟುತ್ತ ಬಂದು ಜಗಲಿಯ ಮೇಲೆ ಕೂತು ಕಾಲು ತೋರಿಸಿದ. ಅಕ್ಕ ತನ್ನ ಲಂಗ ಹರಿದು ಪಾದದಿಂದ ತೊಡೆಯ ತನಕ ಬಿಗಿಯಾಗಿ ಸುತ್ತಿದಳು. ನಾವು ನಾಲ್ಕಾರು ಜನ ಸೇರಿ ಅವನನ್ನು ದೋಣಿಯಲ್ಲಿ ಮಲಗಿಸಿದೆವು. ಮೋಟಾರು ಹಿಡಿಯಲು ಅಕ್ಕನೇ ಕೂತಳು. ಭಾರ ಹೆಚ್ಚಾದರೆ ದೋಣಿ ನಿಧಾನವಾಗುತ್ತದೆಂದು ನನ್ನೊಬ್ಬಳನ್ನು ಬಿಟ್ಟು ಯಾರನ್ನೂ ಹತ್ತಿಸಿಕೊಳ್ಳಲಿಲ್ಲ.

“ಟೀಚರಮ್ಮ, ನನ್ ಕಾಲು ನೋಡಿ ಮುಖ ಯಾಕೆ ಹಂಗ್ ಮಾಡ್ತೀಯ?” ಎಂದ ಕಾಸ್ಪರ್. “ಮದ್ವೆ ಮಾತಿಗೆ ಬಂದಾಗ ನಿಮ್ಮಪ್ಪನೂ ನನ್ನ ಹಿಂಗೇ ನೋಡಿದ್ದ.”

“ಬಾಯ್ ಮುಚ್ಕೊಂಡು ಬಿದ್ಕೋ. ಅಲುಗಾಡಿದ್ರೆ ವಿಷ ಏರುತ್ತೆ” ಎಂದು ಅಕ್ಕ ಹಿಂದಿನಿಂದ ಗದರಿದಳು.

“ಏರ್ಲಿ ಬಿಡೆ. ನೀನು ಮೋಟ್ರು ಓಡ್ಸೋದು ನೋಡಿದ್ರೆ ವಿಷಕ್ಕಿಂತ ಮುಂಚೆ ಬಂಡೆನೇ ನನ್ನ ಕೊಲ್ಲುತ್ತೆ.”

ನಾಂಗು ಬೆಟ್ಟದ ಹತ್ತಿರ ಬರುವಾಗ ಅವನ ರೆಪ್ಪೆಗಳು ಜೋತುಬಿದ್ದಿದ್ದವು. ನಿದ್ದೆಗಣ್ಣಿನವನಂತೆ ಕಾಣುತ್ತಿದ್ದ. ಮಾತು ತೊದಲುತ್ತಿತ್ತು. ಆಗ ನಮಗಿದ್ದ ಭಯವೆಲ್ಲ ಸುಮೆಯ ಬಳಿಯ ಸೈನಿಕ ಠಾಣೆಯದು. ಅಪರಿಚಿತರ ಬಂದೂಕು, ಅಪರಿಚಿತ ಭಾಷೆ, ತಡೆದರೆ ಗತಿಯೇನು? ಠಾಣೆಯ ಹವಾಲ್ದಾರ ದಂಡೆಯಲ್ಲಿ ಎದ್ದು ನಿಂತು ಕೈ ಅಡ್ಡ ಹಿಡಿದ. ಅಷ್ಟರಲ್ಲಿ ಮಾರ್ತೆನ್ ಮಾವ ಎಲ್ಲಿಂದಲೋ ಓಡಿಬಂದು, “ಹಾವು! ಹಾವು ಕಚ್ಚಿದೆ, ನಮ್ ಅಳಿಯ!” ಎಂದು ಹವಾಲ್ದಾರನ ಭಾಷೆಯಲ್ಲಿ ಕೂಗಿದ. ಹವಾಲ್ದಾರ ದೋಣಿಯೊಳಗೆ ಒಮ್ಮೆ ಇಣುಕಿ ನೋಡಿದ. ಅವನು ದೂರದ ಜಾವಾ ದ್ವೀಪದವನಂತೆ; ನಮ್ಮ ಹೆಸರು ಕೇಳಲಿಲ್ಲ, ಚೀಟಿ ಕೇಳಲಿಲ್ಲ. ತನ್ನ ಪೆಟ್ರೋಲಿನ ಡಬ್ಬ ತಂದು ನಮ್ಮ ದೋಣಿಯಲ್ಲಿಟ್ಟು, “ಹೋಗಿ, ಹೋಗಿ” ಎಂದು ಕೈಬೀಸಿದ. ಮಾವ ಅದನ್ನು ನಮಗೆ ತಿಳಿಯುವಂತೆ ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಹೀಗೆ ಮಾನ್ಯರೇ, ವಿದೇಶ ನಮ್ಮನ್ನು ಬಿಟ್ಟುಕೊಟ್ಟಿತು. ಸ್ವದೇಶದ ಬಾಗಿಲಿಗೆ ಬಂದೆವು.

ಬೇತಿಯ ಕಟ್ಟೆಯಲ್ಲಿ ಹಗ್ಗ ಎಳೆದು ಕಟ್ಟಿತ್ತು. ಕಾವಲಿಗಿದ್ದ ನಿಮ್ಮ ಸಿಬ್ಬಂದಿ ದೂರದ ಬೆಟ್ಟಸೀಮೆಯ ಕಡೆಯ ಹುಡುಗಮುಖದ ಗಂಡಸು, ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಹೆಗಲ ಮೇಲೆ ಬಂದೂಕಿತ್ತು.

“ಹಗ್ಗ ಬಿಚ್ಚಪ್ಪ, ಹಾವು ಕಚ್ಚಿದೆ” ಎಂದಳು ಅಕ್ಕ.

“ಅಕ್ಕಾ, ಕೇಳ್ಬೇಕು. ಹೋದ್ ತಿಂಗ್ಳು ಒಬ್ಬರನ್ನ ಕೇಳ್ದೆ ಬಿಟ್ಟಿದ್ದಕ್ಕೆ ನನ್ ಜೊತೆಗಾರನ ಕೆಲ್ಸನೇ ಹೋಯ್ತು. ಒಂದ್ನಿಮಿಷ, ಫೋನ್ ಮಾಡ್ತೀನಿ.”

ಕಟ್ಟೆಯ ತುದಿಗೆ ಬಂದರೆ ಮಾತ್ರ ಅಲ್ಲಿ ಫೋನು ಹಿಡಿಯುತ್ತದೆ. ಆದ್ದರಿಂದ ಅವನು ನಮ್ಮ ತಲೆಯ ಮೇಲೆಯೇ ನಿಂತು, ಸರಿಯಾಗಿ ಕೇಳಿಸಲಿಲ್ಲವೆಂದು ಫೋನಿನ ಸ್ಪೀಕರ್ ಹಾಕಿ ನಿಮ್ಮೊಡನೆ ಮಾತಾಡಿದ. ನಿಮ್ಮ ಪ್ರತಿ ಮಾತೂ ನನಗೆ ಕೇಳಿಸಿತು. ಕಾಸ್ಪರನಿಗೂ ಕೇಳಿಸಿತು.

“ನೀರಲ್ಲಿ ಬಂದ್ರೋ, ಬೆಟ್ಟದ ಮೇಲಿಂದ ಬಂದ್ರೋ?”

“ನೀರಲ್ಲಿ ಸಾರ್.”

“ಹಾಗಾದ್ರೆ ಹೊರಗಿಂದ ಬಂದವರು. ನಾನು ಬಂದು ನೋಡೋವರೆಗೂ ಯಾರನ್ನೂ ಇಳಿಸ್ಬೇಡ. ಊಟಕ್ಕೆ ಕೂತಿದ್ದೀನಿ, ಮುಗಿಸ್ಕೊಂಡು ಬರ್ತೀನಿ.”

“ಸಾರ್, ಹಾವು ಕಚ್ಚಿದೆ! ಉಸಿರಾಟ ಕಷ್ಟ ಆಗ್ತಿದೆ!” ಎಂದು ನಾನು ಕೆಳಗಿನಿಂದ ಕೂಗಿದೆ.

“ಯಾರದು ಮಧ್ಯೆ ಮಾತಾಡೋದು?” ಎಂದಿರಿ. ಫೋನು ನಿಂತಿತು.

ಅಕ್ಕ ಹಗ್ಗದ ಮೇಲೆ ಕಾಲು ಹಾಕಿದಳು. ಕಾವಲಿನವನು ಬಂದೂಕನ್ನು ಅಡ್ಡ ಹಿಡಿದು, “ಬೇಡ ಅಕ್ಕಾ, ನಿನ್ ಕಾಲಿಗ್ ಬೀಳ್ತೀನಿ, ಬೇಡ” ಎಂದು ಅಳುವ ದನಿಯಲ್ಲಿ ಹೇಳಿ ಅವಳನ್ನು ಹಿಂದಕ್ಕೆ ತಳ್ಳಿದ. ಅವನು ಮತ್ತೆ ಮತ್ತೆ ನಿಮಗೆ ಫೋನು ಮಾಡಿದ. ನೀವು ಎತ್ತಲಿಲ್ಲ. ಏನು ಊಟವಿತ್ತು ಮಾನ್ಯರೇ ಅಂದು? ಮೀನೋ, ಕೋಳಿಯೋ? ಅನ್ನ ಎರಡನೆಯ ಸಲ ಬಡಿಸಿಕೊಂಡಿರಾ? ಇದನ್ನು ಕುಹಕಕ್ಕೆ ಕೇಳುತ್ತಿಲ್ಲ. ಆ ಹೊತ್ತಿನಲ್ಲಿ ನಮ್ಮ ದೋಣಿಯಲ್ಲಿ ಏನಾಯಿತೆಂದು ನಾನು ಹೇಳಬಲ್ಲೆ, ನಿಮ್ಮ ಮೇಜಿನಲ್ಲಿ ಏನಾಯಿತೆಂದು ನೀವು ಹೇಳಬೇಕಷ್ಟೆ.

ನಮ್ಮ ದೋಣಿಯಲ್ಲಿ ಆದದ್ದು ಇದು. ಕಾಸ್ಪರನಿಗೆ ಎಂಜಲು ನುಂಗಲು ಆಗದಾಯಿತು. ನಾನು ಅಂಗಿಯ ತುದಿಯಿಂದ ಒರೆಸುತ್ತಿದ್ದೆ. ಅವನಿಗೆ ಪ್ರಜ್ಞೆ ಇತ್ತು, ಅದೇ ಎಲ್ಲಕ್ಕಿಂತ ಕಷ್ಟದ್ದು. ರೆಪ್ಪೆ ಎತ್ತಲಾಗದಿದ್ದರೂ ನನ್ನ ಬೆರಳನ್ನು ಹಿಡಿದುಕೊಂಡಿದ್ದ. ಅಕ್ಕ, “ಏನಾದ್ರೂ ಅನ್ನೋ, ಬೈಯೋ ನನ್ನ” ಎಂದು ಅವನ ಕಿವಿಯಲ್ಲಿ ಹೇಳುತ್ತಿದ್ದಳು. ಅವನ ತುಟಿ ಅಲುಗಿತು, ಶಬ್ದ ಬರಲಿಲ್ಲ. ಬೇತಿಯ ಜನ ದಡದಲ್ಲಿ ಸೇರಿದ್ದರು. ಯಾರೋ ಓಡಿಹೋಗಿ ಹೇಳಿದ್ದಕ್ಕೆ ಆಸ್ಪತ್ರೆಯ ನರ್ಸ್ ಥೆಕ್ಲಾ ಔಷಧಿಯ ಚೀಲ ಎತ್ತಿಕೊಂಡು ಬಂದಳು. ಬಂದವಳು ಕಾವಲಿನವನ ಮುಖವನ್ನೂ ನೋಡಲಿಲ್ಲ. “ಗುಂಡು ಹಾರಿಸ್ತೀಯಾ? ಹಾರ್ಸು” ಎಂದು ಹಗ್ಗದ ಕೆಳಗೆ ನುಸುಳಿ ದೋಣಿಗೆ ಜಿಗಿದಳು. ಕಾವಲಿನವನು ಬಂದೂಕು ಕೆಳಗಿಟ್ಟು ಕೂತುಬಿಟ್ಟ. ಥೆಕ್ಲಾ ಸೂಜಿ ಚುಚ್ಚಿದಳು, ಬಾಯಿಗೆ ಬಾಯಿಟ್ಟು ಉಸಿರು ತುಂಬಿದಳು. ಬಹಳ ಹೊತ್ತು ತುಂಬಿದಳು. ಕೊನೆಗೆ ತಲೆಯೆತ್ತಿ ಅಕ್ಕನನ್ನು ನೋಡಿದಳು.

ಆಮೇಲೆ ನೀವು ಬಂದಿರಿ. ಇಸ್ತ್ರಿ ಮಾಡಿದ ಅಂಗಿ, ಹಲ್ಲಿನ ಸಂದಿನಲ್ಲಿ ಕಡ್ಡಿ. ಹೆಣ ನೋಡಿ ಕಡ್ಡಿ ಎಸೆದಿರಿ, ಅಷ್ಟು ಮರ್ಯಾದೆ ತೋರಿಸಿದಿರಿ, ಇಲ್ಲವೆನ್ನುವುದಿಲ್ಲ. ಆದರೆ ನಿಮ್ಮ ಬಾಯಿಂದ ಬಂದ ಮೊದಲ ಮಾತು, “ದಡಕ್ಕೆ ಇಳಿಸಿದ್ರಾ, ಇಲ್ವಾ?” ಎಂಬುದು. ಇಳಿಸಿಲ್ಲವೆಂದು ಕಾವಲಿನವನು ಹೇಳಿದಾಗ ನಿಮ್ಮ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಸಾಯುವ ತನಕ ಮರೆಯಲಾರೆ. ಇಳಿಯದವನು ಪ್ರವೇಶಿಸಿಲ್ಲ, ಪ್ರವೇಶಿಸದವನು ಒಳಗೆ ಸತ್ತಿಲ್ಲ. ಎಷ್ಟು ಚೊಕ್ಕವಾದ ತರ್ಕ! ಮಕ್ಕಳಿಗೆ ಗಣಿತ ಕಲಿಸುವಾಗಲೂ ನನಗೆ ಇಷ್ಟು ಚೊಕ್ಕವಾದ ಉತ್ತರ ಸಿಕ್ಕಿದ್ದಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಈ ಪತ್ರ ಇನ್ನಷ್ಟು ಚಿಕ್ಕದಾಗುತ್ತಿತ್ತು. ಹೆಣವನ್ನು ಬಂದ ದಾರಿಯಲ್ಲೇ ವೊರೊಗೆ ಒಯ್ಯುತ್ತೇವೆಂದು ಅಕ್ಕ ಹೇಳಿದಳು. ಅದಕ್ಕೆ ನೀವು, ಶವವನ್ನು ಹೊರದೇಶಕ್ಕೆ ಕಳಿಸಲು ರಾಜಧಾನಿಯಿಂದ ಅನುಮತಿ ಬೇಕು ಎಂದಿರಿ. ಅಂದರೆ, ಹೊರದೇಶದಲ್ಲಿ ಸತ್ತವನನ್ನು ಹೊರದೇಶಕ್ಕೆ ಕಳಿಸಲು ನಮ್ಮ ದೇಶದ ಅನುಮತಿ! ಅಲ್ಲಿಯವರೆಗೆ ಬಿಸಿಲಿನಲ್ಲಿ ಹೆಣ ಏನಾಗಬೇಕು ಎಂದು ಥೆಕ್ಲಾ ಕೇಳಿದ್ದಕ್ಕೆ, “ಬೆಟ್ಟದ ದಾರಿ ಇದೆಯಲ್ಲ” ಎಂದಿರಿ.

ಬೆಟ್ಟದ ದಾರಿಯಲ್ಲೇ ಒಯ್ದೆವು. ಸಾಗೋ ಗರಿಯಲ್ಲಿ ಸುತ್ತಿ, ಎರಡು ಬೊಂಬಿಗೆ ಬಿಗಿದು, ಬೇತಿಯ ಗಂಡಸರು ಹೆಗಲು ಕೊಟ್ಟರು. ದಪ್ಪ ಮನುಷ್ಯ. ಕಡಿದಾದ ಕಡೆ ಮುಂದಿನವರು ಜಾರಿದರೆ ಹಿಂದಿನವರು ಎದೆಯಿಂದ ತಡೆಯುತ್ತಿದ್ದರು. ಅರ್ಧ ಏರಿದ ಮೇಲೆ ಯಾರಿಗೂ ಕಾಲು ಮುಂದಿಡಲು ಆಗದೆ ಕೂತಾಗ, ಪಡುವಣ ಬದಿಯ ಕಾಡಿನಿಂದ ಜನ ಏರಿ ಬರುವ ಸದ್ದಾಯಿತು. ಹೊಳೆಯ ದೋಣಿಯವರಿಂದ ಸುದ್ದಿ ತಿಳಿದು ಬಂದ ಸುಮೆಯವರು. ಮಾರ್ತೆನ್ ಮಾವ ಮುಂದಿದ್ದ, ಉಸಿರುಬಿಡುತ್ತ, ಕೆಮ್ಮುತ್ತ.

“ಯಾಕೆ ಬಂದೆ ಮಾವ, ಈ ವಯಸ್ಸಲ್ಲಿ?” ಎಂದಳು ಅಕ್ಕ.

“ನಮ್ ಮನೆ ಅಳಿಯ ನಡ್ಕೊಂಡ್ ಹೋಗ್ತಿದಾನೆ ಅಂದ್ರೆ ನಾವು ದೋಣೀಲಿ ಕೂತಿರೋದಾ? ಸರಿ, ಸರಿ. ಆ ಕಡೆ ನಾನ್ ಹಿಡೀತೀನಿ” ಎಂದು ಬೊಂಬಿಗೆ ಹೆಗಲು ಕೊಟ್ಟ. ಬೇಡವೆಂದರೂ ಬಿಡಲಿಲ್ಲ.

ಅವರಲ್ಲಿ ಯಾರ ಬಳಿಯೂ ಪರವಾನಗಿ ಇರಲಿಲ್ಲ. ನಿಮ್ಮ ನಿಯಮದ ಪ್ರಕಾರ ಅದು ಅಕ್ರಮ ಪ್ರವೇಶ. ಬೇಕಾದರೆ ಮೊಕದ್ದಮೆ ಹಾಕಿ, ಸಾಕ್ಷಿ ನಾನೇ ಹೇಳುತ್ತೇನೆ. ನಮ್ಮ ದೇಶದ ಮಣ್ಣಿನಲ್ಲಿ ನಮ್ಮ ದೇಶದ ಹೆಣವನ್ನು ಹೊತ್ತ ವಿದೇಶಿಯರು ಇವರೇ ಎಂದು ಒಬ್ಬೊಬ್ಬರನ್ನೂ ಗುರುತಿಸಿ ತೋರಿಸುತ್ತೇನೆ.

ಮಣ್ಣು ಮಾಡಿದ ಮೇಲೆ ಒಂದು ದಿನ ನಿಮ್ಮ ಕಾವಲಿನವನು ವೊರೊಗೆ ಬಂದ. ಸಮವಸ್ತ್ರ ಇರಲಿಲ್ಲ. ಅಂಗಳದ ಅಂಚಿನಲ್ಲಿ ಕೂತ, ಒಳಗೆ ಬರಲಿಲ್ಲ. ನಮ್ಮ ಕಡೆಯ ಗಂಡಸರು ಕತ್ತಿ ಹಿಡಿದು ಎದ್ದರು. ಅಕ್ಕ ಅವರನ್ನು ಕೂರಿಸಿ, ಎಲೆಯಲ್ಲಿ ಸಾಗೋ ಅಂಬಲಿ, ಒಂದು ತುಂಡು ಸುಟ್ಟ ಮೀನು ಹಾಕಿ ಅವನ ಮುಂದಿಟ್ಟಳು.

“ತಿನ್ನು.”

“ಅಕ್ಕಾ, ನಾನು...”

“ತಿನ್ನು ಅಂದೆ. ಕ್ಷಮೆಗಿಮೆ ಕೇಳ್ಬೇಡ, ನನ್ ಹತ್ರ ಇಲ್ಲ ಅದು. ಹಸ್ಕೊಂಡು ಬಂದಿದೀಯ, ತಿಂದು ಹೋಗು.”

ಅವನು ತಿಂದ. ಅಳುತ್ತ ತಿಂದ. ಅವನನ್ನು ಕ್ಷಮಿಸಲಾಗದ ನನ್ನ ಅಕ್ಕ ಅವನಿಗೆ ಊಟವನ್ನಾದರೂ ಹಾಕಿದಳು. ನಿಮ್ಮನ್ನು ಏನು ಮಾಡಬೇಕೆಂದು ನಾವಿನ್ನೂ ತೀರ್ಮಾನಿಸಿಲ್ಲ, ಏಕೆಂದರೆ ನೀವು ಬಂದೇ ಇಲ್ಲ. ನಿಮ್ಮ ಬದಲು ನಿಮ್ಮ ಕಚೇರಿಯ ಉತ್ತರ ಬಂತು: ಘಟನೆ ದೇಶದ ಹೊರಗೆ ನಡೆದಿರುವುದರಿಂದ ವಿಚಾರಣೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ತಾವು ನೆರೆಯ ದೇಶವನ್ನು ಸಂಪರ್ಕಿಸಬಹುದು. ಸಂಪರ್ಕಿಸಿ ಏನೆಂದು ದೂರಲಿ? ಪೆಟ್ರೋಲು ಕೊಟ್ಟರೆಂದೇ? ಹೆಣ ಹೊತ್ತರೆಂದೇ?

ಗಡಿ ಬೇಡವೆಂದು ನಾನು ವಾದಿಸುತ್ತಿಲ್ಲ. ದೇಶವೆಂದ ಮೇಲೆ ಗಡಿ ಇರುತ್ತದೆ, ಕಾವಲೂ ಇರಬೇಕು. ಬಂದೂಕು, ಗಾಂಜಾ ಸಾಗಿಸುವವರು ಈ ಹೊಳೆಯಲ್ಲೂ ಇದ್ದಾರೆ, ಅವರನ್ನು ಹಿಡಿಯಿರಿ. ಅವರು ನಿಮ್ಮ ಊಟದ ಹೊತ್ತಿನಲ್ಲಿ ಕಟ್ಟೆಗೆ ಬಂದು ಅನುಮತಿ ಕೇಳುವವರಲ್ಲ ಎಂಬುದಷ್ಟೇ ನೆನಪಿರಲಿ. ನಿಮ್ಮ ಹಗ್ಗಕ್ಕೆ ಸಿಕ್ಕುವವರು ರೋಗಿಗಳು, ಬಸುರಿಯರು, ಬಾಳೆಗೊನೆ ಮಾರುವ ಮುದುಕಿಯರು. ನಮ್ಮ ದೇಶದಿಂದ ನಮ್ಮ ದೇಶಕ್ಕೆ, ಹುಟ್ಟಿದಾಗಿನಿಂದ ಇರುವ ಒಂದೇ ದಾರಿಯಲ್ಲಿ ಬರುವವರು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ವೊರೊದಲ್ಲಿ ದೋಣಿ ಹತ್ತಿ ಯಾಪುವಿನಲ್ಲಿ ಬೇತಿಗೆ ಬರುವವನು ದೇಶ ಬಿಟ್ಟು ಹೋದವನಲ್ಲ ಎಂದು ನಿಮ್ಮ ಕೈಯಾರೆ ಬರೆದು, ಆ ಹಳೆಯ ಹಲಗೆ ಕಿತ್ತು ಇದನ್ನು ಅಲ್ಲೇ ನೆಡಿಸಿ. ಹಾವಿನ ವಿಷದ ಔಷಧಿ ವೊರೊದಲ್ಲೂ ಇರುವಂತೆ ಮಾಡಿ. ಅದು ನಿಮ್ಮ ಕೆಲಸವಲ್ಲವೆಂದರೆ ಯಾರ ಕೆಲಸವೋ ಅವರ ಬಾಗಿಲು ನೀವೇ ಬಡಿಯಿರಿ, ನಮ್ಮ ಕೈ ಬಡಿದು ಬಡಿದು ಸೋತಿದೆ. ಕಾಸ್ಪರ್ ಯೆನು ಪಾಪುವಾ ನ್ಯೂಗಿನಿಯಲ್ಲಿ, ಬೇತಿಯ ಕಟ್ಟೆಯಲ್ಲಿ, ಅಧಿಕಾರಿಯ ಊಟ ಮುಗಿಯುವುದನ್ನು ಕಾಯುತ್ತ ಸತ್ತನೆಂದು ದಾಖಲಿಸಿ. ಆ ಕೊನೆಯ ಭಾಗ ಬರೆಯಲು ನಿಮಗೆ ನಾಚಿಕೆಯಾದರೆ ಅಷ್ಟನ್ನು ನಾನು ಬರೆದುಕೊಡುತ್ತೇನೆ.

ಬರುವ ತಿಂಗಳ ಮೊದಲ ಸಂತೆಯ ದಿನ ವೊರೊದ ಎಲ್ಲ ದೋಣಿಗಳೂ ಒಟ್ಟಿಗೆ ಬೇತಿಗೆ ಬರುತ್ತವೆ. ಮುದುಕರು, ಮಕ್ಕಳು, ಹಾಲೂಡುವ ತಾಯಂದಿರು ಎಲ್ಲರೂ ಇರುತ್ತಾರೆ. ಮುಂದಿನ ದೋಣಿಯ ಮೋಟಾರು ಹಿಡಿದು ಕೂತಿರುವವಳು ಪೆಲಾಗಿಯಾ. ಕಟ್ಟೆ ಹತ್ತಿರ ಬಂದಾಗ ಅವಳು ಮೋಟಾರಿನ ವೇಗ ಇಳಿಸುವುದಿಲ್ಲವೆಂದು ನನಗೆ ಹೇಳಿದ್ದಾಳೆ. ಅಂದು ಕಾವಲಿನ ಬಡವನೊಬ್ಬನನ್ನು ಅಲ್ಲಿ ನಿಲ್ಲಿಸಬೇಡಿ. ಹೊಟ್ಟೆಗೆ ಬೇಗ ಏನಾದರೂ ತಿಂದುಕೊಂಡು ನೀವೇ ಬಂದು ನಿಲ್ಲಿ.

ಇಂತಿ,
ಸ್ವದೇಶದಲ್ಲೇ ಹುಟ್ಟಿ, ಸ್ವದೇಶಕ್ಕೆ ಇನ್ನೂ ಪ್ರವೇಶ ಸಿಗದ,
ಒಡೀಲಿಯಾ ಸೆಯಾ
ಶಾಲಾ ಶಿಕ್ಷಕಿ, ವೊರೊ
(ನಿಮ್ಮ ನಕ್ಷೆಯಲ್ಲಿ ಹೊಳೆ ನಿಂತುಹೋಗುವುದಕ್ಕಿಂತ ಸ್ವಲ್ಪ ಮೇಲೆ)